ಕಾರಿಗೆ ಕರೆಂಟು, ಕಬ್ಬಿಗೆ ಬಾಕಿ



ನಮ್ಮ ಮನೆಯ ಡೀಸೆಲ್ ಕಾರಿಗೆ ಹನ್ನೆರಡು ವರ್ಷವಾಯಿತು. ಅದನ್ನು ಮಾರಿ ಕರೆಂಟ್ ಕಾರು ತರೋಣ ಎಂದು ಮಗ ಹಟ ಹಿಡಿದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮಾರಾಟ ತೆರಿಗೆಯನ್ನು ಶೇ. 18.4ರಿಂದ 21.17ಕ್ಕೆ ಏರಿಸಿತು. ಬೆಂಗಳೂರಿನಲ್ಲಿ ಲೀಟರಿಗೆ 91 ರೂಪಾಯಿ ಆಯಿತು. "ನಾವು ಡೀಸೆಲ್ ಹಾಕಿಸ್ತಿಲ್ಲ ಕಣಪ್ಪಾ, ತೆರಿಗೆ ಕಟ್ತಾ ಇದೀವಿ" ಅಂದ.

ಸರಿ, ಒಂದು ರಾತ್ರಿ ಉಂಡು ಲೆಕ್ಕಕ್ಕೆ ಕೂತೆವು. ಅವ್ವನನ್ನು ಆಸ್ಪತ್ರೆಗೆ ಕರೆದೊಯ್ಯುವುದೂ ಸೇರಿ ನಮ್ಮ ಕಾರು ತಿಂಗಳಿಗೆ ಸಾವಿರ ಕಿಲೋಮೀಟರ್ ಓಡುತ್ತದೆ. ಲೀಟರಿಗೆ 18ರಂತೆ 55 ಲೀಟರ್ ಡೀಸೆಲ್, ಅಂದರೆ ಐದು ಸಾವಿರ ರೂಪಾಯಿ. ಕರೆಂಟ್ ಕಾರಾದರೆ ಯೂನಿಟ್‌ಗೆ ಆರೂವರೆ ಕಿಲೋಮೀಟರ್ ಹಿಡಿದರೂ 155 ಯೂನಿಟ್ ಸಾಕು. ಆರು ರೂಪಾಯಿಯಂತೆ 930. ಮಗ ಗೆದ್ದವನಂತೆ ನಕ್ಕ.

ಆಗ ಮನೆಯಾಕೆ ಒಂದು ಮಾತು ಕೇಳಿದಳು: "ನಮ್ಮ ಮನೆ ಕರೆಂಟಿಗೆ ಈಗ ದುಡ್ಡು ಕಟ್ತಾ ಇದೀವಾ?" ಇಲ್ಲ. 2023ರಲ್ಲಿ ಬಂದ ಗೃಹಜ್ಯೋತಿಯಿಂದ ನಮ್ಮ 80 ಯೂನಿಟ್ ಪುಕ್ಕಟೆ. ಕಾರಿನದು ಸೇರಿದರೆ 235. ಇನ್ನೂರು ದಾಟಿದರೆ ಇಡೀ ಬಿಲ್ಲು ನಮ್ಮ ತಲೆಗೇ. ಹಾಗಾಗಿ 930 ಅಲ್ಲ, 1,410. ಆದರೂ ತಿಂಗಳಿಗೆ ಮೂರೂವರೆ ಸಾವಿರ ಉಳಿಯುತ್ತದೆ, ವರ್ಷಕ್ಕೆ 42 ಸಾವಿರ. ಇದು ದೊಡ್ಡ ದುಡ್ಡೇ.

ಆದರೆ ಕಾರಿನ ಬೆಲೆ? ನಾವು ನೋಡಿದ್ದು 14 ಲಕ್ಷದ್ದು. ಹಳೇ ಕಾರು ಮಾರಿದ್ದು, ಕೈಯಲ್ಲಿದ್ದದ್ದು ಸೇರಿ ನಾಲ್ಕು ಲಕ್ಷ. ಹತ್ತು ಲಕ್ಷ ಸಾಲ. ಶೇ. 9ರ ಬಡ್ಡಿಯಾದರೆ ಮೊದಲ ವರ್ಷದ ಬಡ್ಡಿಯೇ 80 ಸಾವಿರ ದಾಟುತ್ತದೆ. ಡೀಸೆಲ್‌ನಲ್ಲಿ ಉಳಿದದ್ದು ಬಡ್ಡಿಗೂ ಸಾಲದು!

ಇದನ್ನೇ ಕಬ್ಬಿನಲ್ಲಿ ಅಳೆಯಿರಿ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಶೇ. 10.25 ಇಳುವರಿಗೆ ನಿಗದಿ ಮಾಡಿದ ಬೆಲೆ ಟನ್ನಿಗೆ 3,550 ರೂಪಾಯಿ. 14 ಲಕ್ಷವೆಂದರೆ 394 ಟನ್. ನಮ್ಮದು ಮೂರೆಕರೆ. ಎಕರೆಗೆ 40 ಟನ್ ಬಂದರೂ ಮೂರು ವರ್ಷದ ಕಬ್ಬು ಪೂರ್ತಿ ಸುರಿದರೂ ಸಾಲದು. ಗೊಬ್ಬರ, ಕಟಾವು, ಊಟದ ಮಾತೇ ಬೇರೆ.

ಕಾರಿನ ಕಂತು ತಿಂಗಳಿಗೊಮ್ಮೆ, ಕಬ್ಬಿನ ದುಡ್ಡು ವರ್ಷಕ್ಕೊಮ್ಮೆ. ಅದೂ ಸರಿಯಾಗಿ ಬಂದರೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ 14 ದಿನದಲ್ಲಿ ಹಣ ಕೊಡಬೇಕು, ತಡವಾದರೆ ಶೇ. 15 ಬಡ್ಡಿ ಸೇರಿಸಿ ಕೊಡಬೇಕು. ನಮ್ಮ ಎರಡು ಲಕ್ಷ ತಿಂಗಳುಗಟ್ಟಲೆಯಿಂದ ಕಾರ್ಖಾನೆಯಲ್ಲೇ ಇದೆ. ಬಡ್ಡಿಯ ಸುದ್ದಿಯೇ ಇಲ್ಲ. ನಾವು ಒಂದು ಕಂತು ತಪ್ಪಿಸಿದರೆ ಬ್ಯಾಂಕಿನವರು ಸುಮ್ಮನಿರುತ್ತಾರೆಯೇ?

ಸರ್ಕಾರದ ಕಣ್ಣು ಯಾವ ಕಡೆ ಅಂತಲೂ ನೋಡಿ. 2019ರ ಆಗಸ್ಟ್‌ನಲ್ಲಿ ಕರೆಂಟ್ ಕಾರಿನ ಜಿ.ಎಸ್.ಟಿ. ಶೇ. 12ರಿಂದ 5ಕ್ಕೆ ಇಳಿಯಿತು. ಉಳುವ ಟ್ರಾಕ್ಟರಿಗೆ 12ರಿಂದ 5 ಆದದ್ದು 2025ರ ಸೆಪ್ಟೆಂಬರ್ 22ಕ್ಕೆ. ಆರು ವರ್ಷ ಸವಾರಿಗೆ 5, ಸಾಗುವಳಿಗೆ 12! 2019ರಿಂದ 2023ರ ಮಾರ್ಚ್‌ವರೆಗೆ ಮಂಜೂರಾದ ಕರೆಂಟ್ ವಾಹನದ ಸಾಲಕ್ಕೆ, ಬಡ್ಡಿಯ ಒಂದೂವರೆ ಲಕ್ಷದವರೆಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿಯೂ ಸಿಕ್ಕಿತು. ಅದು ಸಂಬಳದವರಿಗಾಯಿತು. ಬೇಸಾಯ ಬಿಟ್ಟು ಬೇರೆ ಆದಾಯವಿಲ್ಲದವನಿಗೆ ಅದರಿಂದ ಬಂದದ್ದೇನು?

ಕರೆಂಟ್ ಕಾರು ಬೇಡ ಅಂತ ನಾನು ಹೇಳುತ್ತಿಲ್ಲ. ಹೊಗೆಯಿಲ್ಲ, ಸದ್ದಿಲ್ಲ, ಓಡಿಸುವ ಖರ್ಚು ಕಮ್ಮಿ. ನಮ್ಮ ಮನೆಯ ತೀರ್ಮಾನ ಇಷ್ಟು: ಬದಲಾಯಿಸುವುದು ಖಂಡಿತ, ಸಾಲ ಮಾತ್ರ ಮಾಡುವುದಿಲ್ಲ. ಕಾರ್ಖಾನೆ ಬಾಕಿ ಕೊಟ್ಟ ದಿನ, ಬ್ಯಾಟರಿ ಗ್ಯಾರಂಟಿ ಇನ್ನೂ ಉಳಿದಿರುವ ಆರು ಲಕ್ಷದೊಳಗಿನ ಹಳೇ ಕಾರು ನೋಡುವುದು. ಅಲ್ಲಿಯವರೆಗೆ ಡೀಸೆಲ್ಲೇ ಗತಿ. ಮಗ ಮುಖ ಗಂಟಿಕ್ಕಿದ, ಆಮೇಲೆ ಒಪ್ಪಿದ.

ಅಂದರೆ ನಾವು ಇವತ್ತೂ ಹೊಗೆ ಬಿಡುತ್ತಿರುವುದು ಕರೆಂಟ್ ಕಾರು ಇಷ್ಟವಿಲ್ಲದೆ ಅಲ್ಲ, ನಮ್ಮ ದುಡ್ಡು ನಮ್ಮ ಕೈಗೆ ಬಾರದೆ. ಪರಿಸರದ ಭಾಷಣ ಮಾಡುವವರು ಮೊದಲು ಕಬ್ಬಿನ ಬಾಕಿ ಕೊಡಿಸಲಿ. ನೀವೂ ಶೋರೂಮಿನ ಹೊಸ್ತಿಲು ತುಳಿಯುವ ಮುಂಚೆ ಒಂದು ರಾತ್ರಿ ಮನೆಮಂದಿಯೆಲ್ಲ ಲೆಕ್ಕಕ್ಕೆ ಕೂರಿ. ಕಾರಿನ ಬೆಲೆಯನ್ನು ರೂಪಾಯಿಯಲ್ಲಲ್ಲ, ನಿಮ್ಮ ಬೆಳೆಯಲ್ಲಿ ಎಣಿಸಿ.