ಒಂದು ಕಣ್ಣು ಮುಚ್ಚಿ ನೋಡಿದ್ದರೆ



ಇಂದೂರಿನ ನಮ್ಮ ಗೆಳೆಯನೊಬ್ಬ ಮಿಲಿಟರಿ ಆಫೀಸರ್ ಆಗಲು ಹೊರಟಿದ್ದ. ಸಿಪಾಯಿ ಅಲ್ಲ, ಆಫೀಸರ್. ಕೇರಿಯ ಹುಡುಗ ಸಿಪಾಯಿ ಆಗ್ತೀನಿ ಅಂದರೆ ಊರು ಬೆನ್ನು ತಟ್ಟುತ್ತದೆ. ಆಫೀಸರ್ ಆಗ್ತೀನಿ ಅಂದರೆ ನಗುತ್ತದೆ. ಇವನು ನಗಿಸಿಕೊಂಡೇ ಓದಿದ. ಮುಂಡಗೋಡದ ಹಾಸ್ಟೆಲಿನಿಂದ ಹುಬ್ಬಳ್ಳಿ ಹಾಸ್ಟೆಲಿಗೆ ಟ್ರಂಕು ಹೊತ್ತು ಬಿ.ಎ. ಮುಗಿಸಿದ. ಸಿ.ಡಿ.ಎಸ್. ಬರೆದು ಪಾಸಾದ. ಬೆಂಗಳೂರಿನ ಆಯ್ಕೆ ಕೇಂದ್ರಕ್ಕೆ ಹೋಗಿ ಐದು ದಿನ ಇದ್ದು ಬಂದ.

ಅಲ್ಲಿ ಮೊದಲ ದಿನ ಮಸುಕಾದ ಒಂದು ಚಿತ್ರವನ್ನು ಅರ್ಧ ನಿಮಿಷ ತೋರಿಸಿ ಕಥೆ ಬರೆಯಿರಿ ಅಂತಾರೆ. ಫಾರ್ಮಿನಲ್ಲಿ ಅಪ್ಪನ ಓದು, ಅಪ್ಪನ ಕೆಲಸ, ತಿಂಗಳ ವರಮಾನ ತುಂಬಿಸಬೇಕು. ಸಂದರ್ಶನದಲ್ಲಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಉತ್ತರ ಕೊಡಬೇಕು. ಕನ್ನಡ ಶಾಲೆಯ ನಮ್ಮವನು ಅದನ್ನೂ ದಾಟಿದ. ಕೊನೇ ದಿನ ಆಯ್ಕೆಯಾದವರ ಚೆಸ್ಟ್ ನಂಬರು ಕೂಗುವಾಗ ಅವನ ನಂಬರೂ ಇತ್ತು.

ಬಿದ್ದದ್ದು ಮೆಡಿಕಲ್‌ನಲ್ಲಿ.

ಆರು ಮೀಟರ್ ದೂರದಲ್ಲಿ ಅಕ್ಷರದ ಫಲಕ. ಬಲಗಣ್ಣು ಮುಚ್ಚು ಅಂದರು, ಮುಚ್ಚಿದ. ಎಡಗಣ್ಣಿನಲ್ಲಿ ಓದು ಅಂದರು. ಮೇಲಿನ ದಪ್ಪ ಅಕ್ಷರ ಬಿಟ್ಟರೆ ಮಿಕ್ಕದ್ದೆಲ್ಲ ಹೊಗೆ. ಗಾಜು ಬದಲಿಸಿ ಬದಲಿಸಿ ನೋಡಿದರು, ಹೊಗೆ ಹೋಗಲಿಲ್ಲ. ಕನ್ನಡಕ ಹಾಕಿಯಾದರೂ ಎರಡೂ ಕಣ್ಣಿಗೆ 6/6 ಕಾಣಬೇಕು ಅನ್ನೋದು ಭೂಸೇನೆಯ ಕಟ್ಟಳೆ. ಇಪ್ಪತ್ತೆರಡು ವರ್ಷ ಅವನು ಒಂದೇ ಕಣ್ಣಿನಿಂದ ಓದಿದ್ದ, ಕಬಡ್ಡಿ ಆಡಿದ್ದ, ಸೈಕಲ್ ಹೊಡೆದಿದ್ದ. ಅದು ಅವನಿಗೇ ಗೊತ್ತಿರಲಿಲ್ಲ.

ಅವನವ್ವ ಕೇಳಿದಳು: "ದಾರಿ ಕಾಣತೈತಿ, ಪುಸ್ತಕ ಕಾಣತೈತಿ, ಮತ್ತೇನ್ ಕಾಣಬೇಕಂತೋ ಅವರಿಗೆ?" ನಾವು ಯಾರೂ ಉತ್ತರ ಕೊಡಲಿಲ್ಲ.

ವೈದ್ಯರು ಇದಕ್ಕೆ ಸೋಮಾರಿ ಕಣ್ಣು ಅಂತಾರೆ. ನಮ್ಮ ಜನರನ್ನು ಸೋಮಾರಿಗಳು ಅನ್ನೋದು ಹಳೇ ಬೈಗುಳ, ಈಗ ನಮ್ಮ ಕಣ್ಣಿಗೂ ಅದೇ ಹೆಸರು. (ಹೆಸರಿಟ್ಟವರು ಭತ್ತದ ನಾಟಿಗೆ ಬಂದವರಿರಲಿಕ್ಕಿಲ್ಲ.) ಆ ಕಣ್ಣು ಸೋಮಾರಿಯಲ್ಲ. ಚಿಕ್ಕಂದಿನಲ್ಲಿ ಒಂದು ಕಣ್ಣಿನ ಪವರ್ ಇನ್ನೊಂದಕ್ಕಿಂತ ಬಹಳ ಬೇರೆ ಇದ್ದರೆ, ಅಥವಾ ಮೆಳ್ಳೆಗಣ್ಣಿದ್ದರೆ, ಮೆದುಳು ಅದು ಕಳಿಸುವ ಚಿತ್ರವನ್ನು ಬರಬರುತ್ತ ತಳ್ಳಿಹಾಕುತ್ತದೆ. ಕಣ್ಣು ವರದಿ ಕಳಿಸುತ್ತಲೇ ಇರುತ್ತದೆ, ಮೇಲಿರುವವರು ತೆಗೆದು ನೋಡುವುದಿಲ್ಲ. ಇದು ನಮಗೆ ಪರಿಚಯದ ವ್ಯವಹಾರವೇ. ಏಳೆಂಟು ವರ್ಷದೊಳಗೆ ಪತ್ತೆಯಾದರೆ ಕನ್ನಡಕ ಕೊಟ್ಟು, ಚೆನ್ನಾಗಿರೋ ಕಣ್ಣಿಗೆ ದಿನಾ ಕೆಲವು ತಾಸು ಪಟ್ಟಿ ಕಟ್ಟಿ ಬಹುಮಟ್ಟಿಗೆ ಸರಿಮಾಡಬಹುದು. ದೊಡ್ಡವರಾದ ಮೇಲೆ ಬಹಳ ಕಷ್ಟ. ಒಂದನೇ ಕ್ಲಾಸಿನಲ್ಲಿ ಯಾರಾದರೂ ಅವನ ಬಲಗಣ್ಣಿನ ಮೇಲೆ ಅಂಗೈ ಇಟ್ಟು, ಹಲಗೆಯ ಮೇಲೆ ಏನಿದೆ ಹೇಳು ಅಂದಿದ್ದರೆ ಸಾಕಿತ್ತು. ಆ ಅಂಗೈಗೆ ಎಷ್ಟು ಖರ್ಚು?

ಕಣ್ಣಿನ ಅಳತೆ ಸಡಿಲಿಸಿ ಅಂತ ನಾವು ಕೇಳುತ್ತಿಲ್ಲ. ಆ ಫಲಕಕ್ಕೆ ಜಾತಿ ಗೊತ್ತಿಲ್ಲ. ಅಷ್ಟರಮಟ್ಟಿಗೆ ಅದು ನಮಗೆ ಬೇರೆ ಲೋಟ ಇಡುವ ಹೋಟೆಲಿಗಿಂತ ಮೇಲು. ಒಂದು ಕಾಲದಲ್ಲಿ ಸೈನ್ಯವೂ ಕಣ್ಣು ನೋಡಲಿಲ್ಲ, ಹುಟ್ಟು ನೋಡಿತು. ಬಾಬಾಸಾಹೇಬರ ತಂದೆ ಸುಬೇದಾರರಾಗಿದ್ದ ಸೈನ್ಯವೇ 1890ರ ದಶಕದಲ್ಲಿ ಮಹಾರರಿಗೆ ಬಾಗಿಲು ಹಾಕಿತು. ನಿವೃತ್ತ ಸೈನಿಕ ಗೋಪಾಲ ಬಾಬಾ ವಲಂಗಕರ್ 1894ರಲ್ಲಿ ಅದರ ವಿರುದ್ಧ ಮನವಿ ಬರೆದರು. ಬಾಬಾಸಾಹೇಬರೂ ಪಟ್ಟುಬಿಡದೆ ಒತ್ತಾಯಿಸಿದ ಮೇಲೆ 1941ರಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಎದ್ದು ನಿಂತಿತು. ಎಲ್ಲಿ? ಇಲ್ಲೇ ನಮ್ಮ ಪಕ್ಕದ ಬೆಳಗಾವಿಯಲ್ಲಿ. ಸೈನ್ಯ ಯಾಕೆ ಬೇಕು ಅಂತ ಕೇಳುವ ಗೆಳೆಯರೂ ನಮ್ಮಲ್ಲಿದ್ದಾರೆ. ಆ ಜಗಳ ಸಭೆಯಲ್ಲಿ ಆಡೋಣ. ಹೋಗಬೇಕೋ ಬೇಡವೋ ಅನ್ನೋದನ್ನು ನಾವು ತೀರ್ಮಾನಿಸಬೇಕು, ಯಾರೂ ನೋಡದೆ ಬಿಟ್ಟ ಕಣ್ಣು ತೀರ್ಮಾನಿಸಬಾರದು.

ಇನ್ನು ಕಾಯುವುದು. ಏಪ್ರಿಲ್‌ನಲ್ಲಿ ಪರೀಕ್ಷೆ ಬರೆದವನಿಗೆ ಡೆಹರಾಡೂನ್ ತರಬೇತಿ ಶುರುವಾಗೋದು ಮುಂದಿನ ಜನವರಿಗೆ, ಚೆನ್ನೈನದು ಅದರ ಮುಂದಿನ ಏಪ್ರಿಲ್‌ಗೆ. ಉಳ್ಳವರ ಮಗನಿಗೆ ಆ ವರ್ಷ ತಯಾರಿ, ನಮ್ಮವನಿಗೆ ಕೂಲಿ ಬಿಟ್ಟ ವರ್ಷ. ಮೆಡಿಕಲ್‌ನಲ್ಲಿ ಬಿದ್ದರೆ 42 ದಿನದೊಳಗೆ ಮೇಲ್ಮನವಿ. ನಮ್ಮ ಗೆಳೆಯ ಆ 42 ದಿನ ಸಾಲ ಮಾಡಿ ಹುಬ್ಬಳ್ಳಿಯ ಕಣ್ಣಿನ ಡಾಕ್ಟರುಗಳ ಬಾಗಿಲು ತಿರುಗಿದ. ಎಲ್ಲರೂ ಹೇಳಿದ್ದು ಒಂದೇ ಮಾತು: ತಡವಾಯಿತು. ಸಿಪಾಯಿ ಆಗಹೊರಟವರ ಪಾಡೂ ಬೇರೆಯಲ್ಲ. 2020ರ ಆಸುಪಾಸಿನಲ್ಲಿ ಓಟ ಓಡಿ, ಮೆಡಿಕಲ್ ದಾಟಿ, ಲಿಖಿತ ಪರೀಕ್ಷೆಗೆ ಕಾದ ಹುಡುಗರಿಗೆ 2022ರ ಜೂನ್‌ನಲ್ಲಿ ಸಿಕ್ಕಿದ್ದು ಅಗ್ನಿಪಥ. ಹಳೇ ಭರ್ತಿ ರದ್ದು, ಮೊದಲಿನಿಂದ ಶುರುಮಾಡಿ ಅಂದರು. ಅಷ್ಟರಲ್ಲಿ ಎಷ್ಟೋ ಜನರ ವಯಸ್ಸು ಮೀರಿತ್ತು.

ಕಾಯಿಸುವುದನ್ನು ನಿಲ್ಲಿಸಲು ನಮ್ಮ ಕೈಲಿ ಇವತ್ತು ಆಗಲಿಕ್ಕಿಲ್ಲ. ಕಣ್ಣು ನೋಡಿಸುವುದು ಆಗುತ್ತದೆ. ಶಾಲಾ ಮಕ್ಕಳ ಕಣ್ಣು ನೋಡಬೇಕೆಂದು 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ರಜೆಗೆ ಊರಿಗೆ ಹೋದಾಗ ತಮ್ಮ ತಂಗಿಯರನ್ನು ಕೇಳಿ: ಒಂದೊಂದೇ ಕಣ್ಣು ಮುಚ್ಚಿಸಿ ನೋಡಿದರಾ? ಇಲ್ಲ ಹೆಸರು ಬರೆದುಕೊಂಡು ಹೋದರಾ? ಹಾಸ್ಟೆಲಿನಲ್ಲಿರುವ ನೀವು ಬಣ್ಣದ ಚುಕ್ಕೆಗಳ ನಡುವೆ ಅಂಕಿ ಹುಡುಕುವ ಪರೀಕ್ಷೆಯನ್ನೂ ಈಗಲೇ ಮಾಡಿಸಿ. ಹುಟ್ಟಿನಿಂದ ಬಂದ ಬಣ್ಣದ ಕುರುಡಿಗೆ ಮದ್ದಿಲ್ಲ, ಆದರೆ ಮೊದಲೇ ಗೊತ್ತಾದರೆ ಬೇರೆ ದಾರಿ ಹಿಡಿಯಲು ವರ್ಷಗಳು ಉಳಿಯುತ್ತವೆ. ಅಕ್ಕ ತಂಗಿಯರೇ, ಇದು ನಿಮಗೂ ಹೇಳಿದ್ದು, 2022ರಿಂದ ಎನ್.ಡಿ.ಎ. ಬಾಗಿಲು ನಿಮಗೂ ತೆರೆದಿದೆ.

ನಮ್ಮ ಗೆಳೆಯ ಈಗ ಮುಂಡಗೋಡದಲ್ಲಿ ಹುಡುಗರಿಗೆ ಲೆಕ್ಕ ಹೇಳಿಕೊಡುತ್ತಾನೆ. ಅಕ್ಷರದ ಫಲಕ ಅವನೇ ತರುತ್ತಾನಂತೆ. ಹಾಸ್ಟೆಲಿನ ಊಟದ ಕೋಣೆಯನ್ನು ನಾವು ಅಳೆದು ನೋಡಿದ್ದೇವೆ, ಗೋಡೆಯಿಂದ ಗೋಡೆಗೆ ಆರು ಮೀಟರಿಗೆ ಒಂದು ಗೇಣು ಹೆಚ್ಚೇ ಇದೆ. ಭಾನುವಾರ ಬೆಳಗಿನ ತಿಂಡಿ ಆದ ಕೂಡಲೇ ಬೆಂಚು ಸರಿಸಿ ಶುರುಮಾಡೋಣ. ಕೇರಿಯ ಸಣ್ಣ ಮಕ್ಕಳನ್ನೂ ಕರಕೊಂಡು ಬನ್ನಿ.