ಹಳೆಯ ಕಾರು, ಹೊಸ ಎಂಜಿನ್ ಮತ್ತು ಚಿನ್ನದ ಕುಂಭ

ಜಾಗ್ವಾರ್ ಕಂಪನಿ 1961ರಲ್ಲಿ ಜಿನೀವಾದಲ್ಲಿ ಪ್ರದರ್ಶಿಸಿದ ‘ಇ-ಟೈಪ್’ ಸ್ಪೋರ್ಟ್ಸ್ ಕಾರಿಗೆ ಇಂದಿಗೂ ಆರಾಧಕರಿದ್ದಾರೆ. 2017ರಲ್ಲಿ ಅದೇ ಕಂಪನಿ 1968ರ ಇಂಥದೊಂದು ಕಾರಿನಿಂದ ಪೆಟ್ರೋಲ್ ಎಂಜಿನ್ ತೆಗೆದು ಬ್ಯಾಟರಿಯನ್ನೂ ವಿದ್ಯುತ್ ಮೋಟಾರನ್ನೂ ಅಳವಡಿಸಿತು. ಕೆಲವರು ಹರ್ಷಪಟ್ಟರು, ಕೆಲವರಿಗೆ ಅದು ಅಪಚಾರವೆನಿಸಿತು. ತಂದೆಯಿಂದ ಬಂದ ಹಳೆಯ ಕಾರನ್ನು ಮನೆಯಲ್ಲಿಟ್ಟುಕೊಂಡ ಮಗನಿಗಂತೂ ಈ ಇಬ್ಬಂದಿ ಸಣ್ಣದಲ್ಲ. ಬದಲಿಸಿದರೆ ತಂದೆಯ ನೆನಪು ಹೋದೀತು. ಬದಲಿಸದಿದ್ದರೆ ಕಾರು ನಿಂತಲ್ಲೇ ತುಕ್ಕು ಹಿಡಿದೀತು.

ಆಚಾರ್ಯ ಸಮಂತಭದ್ರರು ‘ಆಪ್ತಮೀಮಾಂಸೆ’ಯಲ್ಲಿ ಕೊಡುವ ದೃಷ್ಟಾಂತ ಇಲ್ಲಿ ನೆನಪಾಗುತ್ತದೆ. ಚಿನ್ನದ ಕುಂಭವನ್ನು ಕರಗಿಸಿ ಕಿರೀಟ ಮಾಡಿದಾಗ ಕುಂಭವನ್ನು ಬಯಸಿದವನು ಶೋಕಿಸುತ್ತಾನೆ, ಕಿರೀಟ ಬಯಸಿದವನು ಹಿಗ್ಗುತ್ತಾನೆ, ಚಿನ್ನವನ್ನಷ್ಟೇ ಬಯಸಿದವನು ಮಧ್ಯಸ್ಥನಾಗಿರುತ್ತಾನೆ. ದ್ರವ್ಯ ಉಳಿಯುತ್ತದೆ, ಪರ್ಯಾಯಗಳು ಹುಟ್ಟಿ ಅಳಿಯುತ್ತವೆ.

ನಾವು ‘ಮೂಲ’ವೆಂದು ಹಿಡಿದುಕೊಳ್ಳುವುದೂ ಒಂದು ಪರ್ಯಾಯವೇ. ಇ-ಟೈಪ್‌ನ ಎಂಜಿನ್ನನ್ನು ಕಂಪನಿಯೇ 1964ರಲ್ಲಿ 3.8 ಲೀಟರಿನಿಂದ 4.2ಕ್ಕೆ ಏರಿಸಿತು, 1971ರಲ್ಲಿ ಹನ್ನೆರಡು ಸಿಲಿಂಡರಿನದನ್ನು ತಂದಿತು. ಆದರೂ ‘ನನ್ನ ಕಾರಿನ ಎಂಜಿನ್ ಸಂಖ್ಯೆ ಕಂಪನಿಯ ದಾಖಲೆಗೆ ಸರಿಹೊಂದುತ್ತದೆ’ ಎಂದು ಬೀಗುವವರುಂಟು. ಅದು ಮಾನಕಷಾಯ. ಇನ್ನಷ್ಟು ವೇಗ ಬೇಕೆಂದು ಹೊಸ ಎಂಜಿನ್ ಕೂರಿಸುವುದು ಲೋಭ. ಹೊಗೆಯಿಲ್ಲದ ಮಾತ್ರಕ್ಕೆ ವಿದ್ಯುತ್ ಕಾರನ್ನು ಅಹಿಂಸೆಯೆನ್ನುವುದೂ ಆತುರದ ಮಾತು. ಬ್ಯಾಟರಿಯ ಲೋಹಕ್ಕಾಗಿ ಭೂಮಿಯನ್ನು ಅಗೆಯುವಾಗ ಪೃಥ್ವೀಕಾಯ ಜೀವಗಳ ಘಾತವಾಗುತ್ತದೆ.

ಗೃಹಸ್ಥನು ಮಧ್ಯಸ್ಥಭಾವವನ್ನು ಹಾರೈಸಬಹುದು, ಆದರೆ ನಿರ್ಧರಿಸದೆ ಇರಲಾರ. ದೃಷ್ಟಾಂತಕ್ಕೂ ಕಾರಿಗೂ ಒಂದು ವ್ಯತ್ಯಾಸವಿದೆ: ಕಿರೀಟವನ್ನು ಕರಗಿಸಿ ಮತ್ತೆ ಕುಂಭ ಮಾಡಬಹುದು, ಹೊಸ ಎಂಜಿನ್ನಿಗಾಗಿ ಕತ್ತರಿಸಿದ ಚೌಕಟ್ಟು ಮೊದಲಿನಂತಾಗದು. ಜಾಗ್ವಾರ್ ತನ್ನ ಬ್ಯಾಟರಿಯನ್ನು ಹಳೆಯ ಎಂಜಿನ್ನಿನ ಅಳತೆಗೇ, ಹೆಚ್ಚುಕಡಿಮೆ ಅದೇ ತೂಕಕ್ಕೇ ರೂಪಿಸಿತು. ಬೇಕೆಂದಾಗ ಹಳೆಯದನ್ನು ಮರಳಿ ಕೂರಿಸಬಹುದು. ಇನ್ನೊಬ್ಬರ ನಯಕ್ಕೂ ಜಾಗ ಉಳಿಸಿದ ಈ ಬಗೆ ನನಗೆ ಹಿಡಿಸಿತು. ಎಂಜಿನ್ ದುರಸ್ತಿಯಾಗುವಂತಿದ್ದರೆ ದುರಸ್ತಿಯೇ ಲೇಸು. ಆಗದಿದ್ದರೆ, ದೇಹವನ್ನು ಕತ್ತರಿಸದೆ ಹೊಸದನ್ನು ಅಳವಡಿಸುವುದರಲ್ಲಿ ತಂದೆಗೆ ಅಗೌರವವೇನೂ ಇಲ್ಲ.

ತೆಗೆದ ಎಂಜಿನ್ ಏನಾಗಬೇಕು? ಮರಳಿ ಕೂರಿಸುವ ಉದ್ದೇಶವಿದ್ದರೆ ಜೋಪಾನವಾಗಿರಲಿ. ಉಮಾಸ್ವಾಮಿ ಆಚಾರ್ಯರು ಪರಿಗ್ರಹವನ್ನು ವಸ್ತುವಿನಲ್ಲಲ್ಲ, ಮೂರ್ಛೆಯಲ್ಲಿ ಗುರುತಿಸಿದರು. ಎಂದೂ ಬಳಸದೆ, ಯಾರಿಗೂ ಕೊಡದೆ ಮೂಲೆಯಲ್ಲಿ ಬಟ್ಟೆ ಹೊದಿಸಿಟ್ಟರೆ ಒಂದು ಪರಿಗ್ರಹ ಎರಡಾದಂತೆ. ಅಂಥದೇ ಎಂಜಿನ್ನಿನ ಬಿಡಿಭಾಗ ಸಿಗದೆ ಅಲೆಯುತ್ತಿರುವ ಇನ್ನೊಬ್ಬರು ಎಲ್ಲೋ ಇದ್ದೇ ಇರುತ್ತಾರೆ.