ಟ್ರ್ಯಾಕ್ಟರ್ ದಾಟೀತು, ಟ್ರೇಲರ್?

“ಟ್ರ್ಯಾಕ್ಟರಿಗೇನು, ಗಾಲಿ ದೊಡ್ಡವು, ದಾಟಿಬಿಡ್ತೈತಿ.” ಮಳೆಗಾಲದಲ್ಲಿ ಕುರುಗೋಡು, ಸಿರುಗುಪ್ಪ ಕಡೆ ಹಳ್ಳದ ದಂಡೆಯಲ್ಲಿ ನಿಂತರೆ ಈ ಮಾತು ಕಿವಿಗೆ ಬೀಳುತ್ತದೆ. ಅರ್ಧ ನಿಜ. ಆದರೆ ಹಿಂದಿನ ಟ್ರೇಲರ್? ಅದರಲ್ಲಿ ಕೂತ ನಾಟಿ ಹೆಣ್ಮಕ್ಕಳು?

ಲೆಕ್ಕ ಹಾಕಿ. ಹತ್ತಡಿ ಉದ್ದ, ಆರಡಿ ಅಗಲದ ಡಬ್ಬ ಒಂದಡಿ ಮುಳುಗಿದರೆ ನೀರು ಅದನ್ನು ಸುಮಾರು 1,700 ಕಿಲೋದಷ್ಟು ಮೇಲಕ್ಕೆತ್ತುತ್ತದೆ. ಸಂದಿಯಿಂದ ನೀರು ಒಳನುಗ್ಗಿದರೆ ಸ್ವಲ್ಪ ಕಡಿಮೆಯಾದೀತು. ಅಂತೂ ಗಾಲಿಗೆ ನೆಲದ ಹಿಡಿತ ಇರಲ್ಲ. ಹರಿವು ಅಡ್ಡ ಒತ್ತಿತೆಂದರೆ ಟ್ರೇಲರ್ ವಾಲಿ ಟ್ರ್ಯಾಕ್ಟರನ್ನೂ ಎಳೆಯುತ್ತದೆ. ಹರಿವಿನ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು!

ನಿಂತ ನೀರಿನ ಮಾತು ಬೇರೆ. ಬಳ್ಳಾರಿಯ ರೈಲ್ವೆ ಅಂಡರ್‌ಬ್ರಿಡ್ಜಿನಲ್ಲಿ ಮಳೆನೀರು ನಿಂತರೆ ಕೋಲು ಹಿಡಿದು ಆಳ ನೋಡಬಹುದು. ಫ್ಯಾನ್ ಮಟ್ಟಕ್ಕಿಂತ ಕೆಳಗಿದ್ದರಷ್ಟೇ ಇಳಿಸಿ. ಮೊದಲ ಗೇರು, ಒಂದೇ ಸಮ ಎಕ್ಸಲೇಟರ್, ನಡುವೆ ಕ್ಲಚ್ ಒತ್ತಬಾರದು. ಎಂಜಿನ್ ಬಂದ್ ಬಿತ್ತೋ, ಸೆಲ್ಫ್ ಹೊಡೆಯಲೇಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ ಪಿಸ್ಟನ್ ಅದನ್ನು ಒತ್ತಲಾರದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆಮೇಲೆ ಬೆಳೆದದ್ದೆಲ್ಲ ಮೆಕ್ಯಾನಿಕ್ಕಿಗೆ. ದಾಟಿದ ಮೇಲೆ ಬ್ರೇಕನ್ನು ನಾಲ್ಕಾರು ಸಲ ಮೆಲ್ಲಗೆ ಒತ್ತಿ ಒಣಗಿಸಿ. ಗೇರ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಬದಲಿಸಿ.

ಹರಿಯುವ ನೀರಿನಲ್ಲಿ ಈ ಜಾಣತನ ನಡೆಯಲ್ಲ. ಹಗರಿಯದು ಮರಳು ತಳ, ನಿನ್ನೆ ಗಟ್ಟಿಯಿದ್ದ ಜಾಗ ಇಂದು ಕೊರೆದಿರುತ್ತದೆ. ಎರೆನೆಲದ ಹಳ್ಳದ ರಾಡಿಯಲ್ಲಿ ರಸ್ತೆಯ ಅಂಚು ಉಳಿದಿದೆಯೋ ಇಲ್ಲವೋ ಕಾಣಲ್ಲ.

ಅಧಿಕಾರಿಗಳು ಎಚ್ಚರಿಕೆ ಕೊಡುವುದು ಕ್ಯೂಸೆಕ್ಸಿನಲ್ಲಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಂನ 19ನೇ ಗೇಟು ಕಿತ್ತುಹೋದಾಗಲೂ ಕೇಳಿದ್ದು ಲಕ್ಷ ಕ್ಯೂಸೆಕ್ಸಿನ ಲೆಕ್ಕವೇ. ನಮ್ಮೂರ ಸೇತುವೆ ಮೇಲೆ ಅದೆಷ್ಟು ಅಡಿ? ಪ್ರತಿ ಮುಳುಗು ಸೇತುವೆಗೂ ಅಡಿ ಬರೆದ ಕಲ್ಲು ನಿಲ್ಲಿಸಿ, ಮೇಲೆ ಕೆಂಪು ಗೆರೆ ಎಳೆಯಲಿ. ಪಂಚಾಯ್ತಿಗೆ ಇದೇನು ಭಾರಿ ಖರ್ಚೇ?

ಕಲ್ಲಿದ್ದರೂ ಅವಸರ ನಮ್ಮದೇ. “ನಾಟಿ ತಡ ಆಗ್ತೈತಿ” ಅಂತ ನಾವಂದರೆ ಡ್ರೈವರ್ ಪಾಪ ಏನು ಮಾಡಿಯಾನು? ಕೂಲಿಯವರೂ ಸುಮ್ಮನಿರಲ್ಲ. ವಾಪಸ್ ಹೋದರೆ ಅಂದಿನ ಕೂಲಿ ಹೋಯಿತಲ್ಲ, “ದಾಟಿಸಪ್ಪಾ” ಅಂತ ಅವರೇ ಅಂತಾರೆ. ಅದಕ್ಕೇ ನನ್ನ ಸಲಹೆ: ಹಳ್ಳ ಬಂದು ವಾಪಸ್ ಕಳಿಸಿದ ದಿನ ಅರ್ಧ ಕೂಲಿ ಕೊಟ್ಟುಬಿಡೋಣ. ಇದು ದುಬಾರಿ ಅನ್ನುವವರು ಪತ್ರಿಕೆಗೆ ಬರೆಯಲಿ, ಉತ್ತರ ಕೊಡುತ್ತೇನೆ.